ಯಾರ ಮನೆಯ ಹುಡುಗಿ

2005ರ ಬಕ್ರೀದ್ ಶುಕ್ರವಾರ ಬಂದಿತ್ತು, ಜನವರಿ 21ಕ್ಕೆ. ಹಬ್ಬಗಳ ಇಂಗ್ಲಿಷ್ ತಾರೀಖು ನನಗೆ ನೆನಪಿರುವುದಿಲ್ಲ. ಚಂದ್ರನ ಲೆಕ್ಕದಲ್ಲಿ ಅವು ವರ್ಷವರ್ಷವೂ ಹಿಂದೆ ಸರಿಯುತ್ತಾ ಹೋಗುತ್ತವೆ. ಆ ಬಕ್ರೀದ್ ಮಾತ್ರ ತಾರೀಖಿನ ಸಮೇತ ನೆನಪಿದೆ. ಅವತ್ತು ಹೈದರಾಬಾದಿನ ಹದಿನೆಂಟು ವರ್ಷದ ಸಾನಿಯಾ ಮಿರ್ಜಾ ಮೆಲ್ಬೋರ್ನಿನಲ್ಲಿ ಸೆರೆನಾ ವಿಲಿಯಮ್ಸ್ ಎದುರು ಆಡಿದಳು. ಅವತ್ತೇ ನನ್ನ ತಂಗಿ, ಫುಫುವಿನ ಮನೆಗೆ ಮುಟ್ಟಿಸಬೇಕಾಗಿದ್ದ ಮಾಂಸದ ಚೀಲವನ್ನು ಟಿ.ವಿ. ಸ್ಟೂಲಿನ ಕೆಳಗಿಟ್ಟು ಮರೆತಳು.

ಬಕ್ರೀದಿನ ದಿನ ನಮ್ಮಂಥ ಮನೆಗಳಲ್ಲಿ ಹೆಂಗಸರಿಗೆ ಕೂರಲು ಪುರುಸೊತ್ತಿರುವುದಿಲ್ಲ. ಗಂಡಸರು ಈದ್ಗಾದಿಂದ ಬಂದು ಕುರ್ಬಾನಿ ಮುಗಿಸಿ ಕೈ ತೊಳೆದುಕೊಂಡರೆ ಅವರ ಹಬ್ಬ ಶುರು, ನಮ್ಮ ಕೆಲಸ ಶುರು. ಮಾಂಸವನ್ನು ಮೂರು ಪಾಲು ಮಾಡಬೇಕು. ಮನೆಗೊಂದು, ಬಂಧುಗಳಿಗೊಂದು, ಬಡವರಿಗೊಂದು. ಯಾರಿಗೆ ಎಷ್ಟು ಕೊಟ್ಟಿದ್ದೇವೆ, ಯಾರನ್ನು ಬಿಟ್ಟಿದ್ದೇವೆ ಎಂಬ ಲೆಕ್ಕ ಅಮ್ಮಿಯ ತಲೆಯಲ್ಲಿ. ಚೀಲ ಹೊತ್ತುಕೊಂಡು ಬೀದಿ ಸುತ್ತುವ ಕೆಲಸ ಮನೆಯ ಚಿಕ್ಕವರದು. ಶಿರಾದ ನಮ್ಮ ಓಣಿಯಲ್ಲಿ ಆ ದಿನ ಇಡೀ ಮಕ್ಕಳ ಓಡಾಟವೇ ಓಡಾಟ.

ಒಂಬತ್ತು ಮನೆಗೆ ಹೋಗಿ ಬರಬೇಕಾದ ತಂಗಿ ಎರಡನೇ ಮನೆಗೆ ಹೋಗಿ ಬಂದವಳು ಟಿ.ವಿ. ಮುಂದೆ ನೆಲಕ್ಕೆ ಕೂತುಬಿಟ್ಟಿದ್ದಳು. ಅವಳಿಗೆ ಆಗ ಹದಿನಾಲ್ಕು ವರ್ಷ. ಅವಳ ಹಿಂದೆ ಅಬ್ಬಾ, ಬಡೇಅಬ್ಬಾ, ಮಾಮು, ಮಾಮುವಿನ ಮಕ್ಕಳು. ಕ್ರಿಕೆಟ್ ಬಿಟ್ಟು ಬೇರೆ ಆಟಕ್ಕೆ ನಮ್ಮ ಮನೆಯಲ್ಲಿ ಟಿ.ವಿ. ಹಚ್ಚಿದ್ದು ನಾನು ಅದೇ ಮೊದಲು ನೋಡಿದ್ದು. ಮಾಮುವಿನ ಮಗ ತನಗೆಲ್ಲ ಗೊತ್ತು ಎಂಬಂತೆ ಅಂಕ ಹೇಳುತ್ತಿದ್ದ. "ಫಿಫ್ಟೀನ್ ಲವ್", "ಥರ್ಟಿ ಲವ್". ಮಂಚದ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ದಾದಿಮಾ, "ಹಿರಿಯರ ಮುಂದೆ ಎಂಥಾ ಮಾತಾಡ್ತಾನೆ ನೋಡು" ಎಂದು ಅವನನ್ನು ಗದರಿದರು. ಟೆನಿಸ್‌ನಲ್ಲಿ ಸೊನ್ನೆಗೆ ಲವ್ ಅನ್ನುತ್ತಾರೆ ಎಂದು ಅಬ್ಬಾ ವಿವರಿಸಿದರು. ದಾದಿಮಾ ಒಪ್ಪಲಿಲ್ಲ. ಸೊನ್ನೆಗೆ ಸೊನ್ನೆ ಅನ್ನಲು ಏನು ರೋಗ?

ಆಮೇಲೆ ಕನ್ನಡಕ ಸರಿ ಮಾಡಿಕೊಂಡು ಪರದೆಯನ್ನು ದಿಟ್ಟಿಸಿ, ಮೂಗುನತ್ತು ಹಾಕಿಕೊಂಡು ಬೆವರೊರೆಸಿಕೊಳ್ಳುತ್ತಿದ್ದ ಹುಡುಗಿಯನ್ನು ತೋರಿಸಿ ಕೇಳಿದರು:

"ಕಿಸ್ಕಿ ಪೊಟ್ಟಿ ಹೈ ಯೇ?"

ನಮ್ಮ ದಖನಿ ಮಾತಿನಲ್ಲಿ ಪೊಟ್ಟಿ ಅಂದರೆ ಹುಡುಗಿ. ಇವಳು ಯಾರ ಮನೆಯ ಹುಡುಗಿ ಎಂದು ಅವರ ಪ್ರಶ್ನೆ. ಓಣಿಯಲ್ಲಿ ಹೊಸ ಮುಖ ಕಂಡಾಗಲೂ ಅವರು ಕೇಳುತ್ತಿದ್ದುದು ಇದನ್ನೇ.

"ಹೈದರಾಬಾದಿನವಳು. ನಮ್ಮವಳೇ" ಅಂದರು ಅಬ್ಬಾ.

ದಾದಿಮಾ ಸ್ವಲ್ಪ ಹೊತ್ತು ನೋಡಿದರು. ಕೋಣೆಯಲ್ಲಿದ್ದ ಹೆಂಗಸರೆಲ್ಲ ಅವರು ಬಟ್ಟೆಯ ಬಗ್ಗೆ ಏನಾದರೂ ಅಂದಾರು ಎಂದು ಕಾದೆವು. ಅವರು ಅಂದದ್ದು ಇಷ್ಟೇ: "ಚಳಿಯಾಗಲ್ವಾ ಆ ಮಗೂಗೆ?"

ಶಿರಾದಲ್ಲಿ ಜನವರಿಯ ಚಳಿ. ಮೆಲ್ಬೋರ್ನಿನಲ್ಲಿ ಅದು ಬೇಸಿಗೆ ಎಂದು ಅವರಿಗೆ ಹೇಳುವವರಾರು?

ಆ ಪಂದ್ಯವನ್ನು ಸಾನಿಯಾ 1-6, 4-6ರಿಂದ ಸೋತಳು. ಸೆರೆನಾ ಆ ವರ್ಷದ ಆಸ್ಟ್ರೇಲಿಯನ್ ಓಪನ್ನನ್ನೇ ಗೆದ್ದಳು. ಆದರೆ ಸೋಲು ಯಾರಿಗೂ ಸೋಲು ಅನ್ನಿಸಲಿಲ್ಲ. ಜಗತ್ತಿನ ಪಟ್ಟಿಯಲ್ಲಿ 166ನೇ ಸ್ಥಾನದಲ್ಲಿದ್ದ ಹುಡುಗಿ ವೈಲ್ಡ್ ಕಾರ್ಡ್ ಮೇಲೆ ಒಳಗೆ ಬಂದು, ಎರಡು ಸುತ್ತು ಗೆದ್ದು, ಮೂರನೆಯದರಲ್ಲಿ ಸೆರೆನಾಳ ಎದುರು ನಿಂತಿದ್ದಳು. ಅದಕ್ಕೆ ಮೊದಲು 1998ರಲ್ಲಿ ಇದೇ ಮೆಲ್ಬೋರ್ನಿನಲ್ಲಿ ನಿರುಪಮಾ ವೈದ್ಯನಾಥನ್ ಒಂದು ಸುತ್ತು ಗೆದ್ದದ್ದೇ ನಮ್ಮ ಹೆಣ್ಣುಮಕ್ಕಳ ದೊಡ್ಡ ಸಾಧನೆಯಾಗಿತ್ತು. ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್‌ನಲ್ಲಿ ಮೂರನೇ ಸುತ್ತಿನವರೆಗೆ ಹೋದ ಭಾರತದ ಮೊದಲ ಹೆಣ್ಣುಮಗಳು ಸಾನಿಯಾ. ಮೊದಲ ಸೆಟ್ ಹೆದರಿಕೆಯಲ್ಲೇ ಕಳೆದುಹೋಯಿತು. ಎರಡನೆಯದರಲ್ಲಿ ಅವಳು ತೋಳು ಬೀಸಿ ಹೊಡೆದ ಕೆಲವು ಹೊಡೆತಗಳಿಗೆ ಸೆರೆನಾ ಕೂಡ ನಿಂತಲ್ಲೇ ನಿಂತು ನೋಡಬೇಕಾಯಿತು. ಅಂಥ ಪ್ರತಿ ಹೊಡೆತಕ್ಕೂ ನಮ್ಮ ತಂಗಿ ತನ್ನ ಬಲಗೈಯನ್ನು ಗಾಳಿಯಲ್ಲಿ ತಿರುಗಿಸುತ್ತಿದ್ದಳು. ಕುಕ್ಕರಿನ ಸೀಟಿಗಳ ನಡುವೆ ಅಮ್ಮಿ ಅಡುಗೆಮನೆಯಿಂದ ಅವಳ ಹೆಸರು ಹಿಡಿದು ಕೂಗುತ್ತಲೇ ಇದ್ದರು.

ಆ ವರ್ಷ ಆ ಹುಡುಗಿ ಏರಿದ್ದು ಹೇಗೆಂದು ಈಗ ಹೇಳಿದರೆ ಕತೆಯಂತೆ ಕೇಳಿಸುತ್ತದೆ. ಫೆಬ್ರವರಿಯಲ್ಲಿ ತನ್ನೂರಿನಲ್ಲೇ, ಹೈದರಾಬಾದ್ ಓಪನ್‌ನ ಫೈನಲ್ಲಿನಲ್ಲಿ ಉಕ್ರೇನಿನ ಅಲ್ಯೋನಾ ಬೊಂಡರೆಂಕೋಳನ್ನು ಮೂರು ಸೆಟ್ಟುಗಳಲ್ಲಿ ಸೋಲಿಸಿದಳು. ಡಬ್ಲ್ಯು.ಟಿ.ಎ. ಸಿಂಗಲ್ಸ್ ಪ್ರಶಸ್ತಿ ಗೆದ್ದ ಮೊದಲ ಭಾರತೀಯಳಾದಳು. ಮಾರ್ಚಿನಲ್ಲಿ ದುಬೈಗೆ ಹೋದಳು. ಅಲ್ಲಿ ಎದುರಿಗೆ ಸಿಕ್ಕವಳು ಸ್ವೆಟ್ಲಾನಾ ಕುಜ್ನೆಟ್ಸೋವಾ. ಹಿಂದಿನ ವರ್ಷದ ಯು.ಎಸ್. ಓಪನ್ ಚಾಂಪಿಯನ್, ಆಗ ಜಗತ್ತಿನ ಏಳನೆಯವಳು. ಸಾನಿಯಾ ಆಗಷ್ಟೇ ನೂರರ ಒಳಗೆ ಬಂದಿದ್ದಳು. ಆಟದ ಶುರುವಿನಲ್ಲೇ ಪಾದದ ಗಂಟು ಹೊರಳಿತು. 0-4 ಹಿಂದೆ ಬಿದ್ದಳು. ಇನ್ನೇನು ಆಟ ಬಿಟ್ಟು ಹೋಗುತ್ತಾಳೆ ಅನ್ನುವಾಗ ಒಂದೇ ಸಮನೆ ಆರು ಗೇಮ್ ಗೆದ್ದು, ಪಂದ್ಯವನ್ನು 6-4, 6-2ರಿಂದ ಮುಗಿಸಿದಳು. ಆಗಸ್ಟಿನಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಮೊದಲ ಹತ್ತರೊಳಗಿದ್ದ ನಾಡಿಯಾ ಪೆಟ್ರೋವಾಳನ್ನು 6-2, 6-1ರಿಂದ ಮಣಿಸಿದಳು. ಯು.ಎಸ್. ಓಪನ್‌ನಲ್ಲಿ ಮೂರು ಸುತ್ತು ಗೆದ್ದು ನಾಲ್ಕನೆಯದರಲ್ಲಿ ಅಗ್ರ ಶ್ರೇಯಾಂಕದ ಮರಿಯಾ ಶರಪೋವಾಳಿಗೆ ಸೋತಳು. ಡಿಸೆಂಬರಿನ ಹೊತ್ತಿಗೆ ಅವಳ ಸ್ಥಾನ 31. ಜನವರಿಯಲ್ಲಿ 166, ಡಿಸೆಂಬರಿನಲ್ಲಿ 31.

ಇದನ್ನೆಲ್ಲ ನಾನು ಪಂದ್ಯ ನೋಡಿ ತಿಳಿದುಕೊಂಡದ್ದಲ್ಲ. ತಂಗಿ ಒಂದು ಪುಸ್ತಕ ಮಾಡಿದ್ದಳು. ವಿಜ್ಞಾನದ ಹಳೆಯ ರೆಕಾರ್ಡ್ ಪುಸ್ತಕದ ಖಾಲಿ ಹಾಳೆಗಳಲ್ಲಿ ಸಾನಿಯಾಳ ಚಿತ್ರ, ಸುದ್ದಿಗಳನ್ನು ಕತ್ತರಿಸಿ ಅಂಟಿಸುತ್ತಿದ್ದಳು. ಅಬ್ಬಾ ಓದಿ ಮುಗಿಸಿದ ಉರ್ದು 'ಸಾಲಾರ್'ನಿಂದ ಒಂದಷ್ಟು, ನಾನು ತರಿಸುತ್ತಿದ್ದ 'ಪ್ರಜಾವಾಣಿ'ಯಿಂದ ಒಂದಷ್ಟು. ಬಲದಿಂದ ಎಡಕ್ಕೆ ಓದುವ ಸುದ್ದಿ ಒಂದು ಪುಟದಲ್ಲಿ, ಎಡದಿಂದ ಬಲಕ್ಕೆ ಓದುವುದು ಎದುರು ಪುಟದಲ್ಲಿ. ಏಳನೇ ಕ್ಲಾಸಿನವರೆಗೆ ಉರ್ದು ಶಾಲೆ, ಆಮೇಲೆ ಕನ್ನಡ ಹೈಸ್ಕೂಲು ಎಂಬ ನಮ್ಮ ಮನೆಯ ಮಕ್ಕಳ ಓದಿನ ಕ್ರಮವೇ ಆ ಪುಸ್ತಕದಲ್ಲಿ ಕೂತಿತ್ತು.

ಸಾನಿಯಾ ಹುಟ್ಟಿದ್ದು 1986ರ ನವೆಂಬರಿನಲ್ಲಿ ಮುಂಬೈಯಲ್ಲಿ, ಬೆಳೆದದ್ದು ಹೈದರಾಬಾದಿನಲ್ಲಿ. ಆರು ವರ್ಷದವಳಿದ್ದಾಗ ನಿಜಾಮ್ ಕ್ಲಬ್ಬಿನಲ್ಲಿ ಆಡಲು ಶುರು ಮಾಡಿದಳು. ಅಲ್ಲಿನ ಕೋಚ್ ಇಷ್ಟು ಪುಟ್ಟ ಮಗುವಿಗೆ ಕಲಿಸಲಾಗದು ಎಂದು ಮೊದಲು ಹಿಂದೇಟು ಹಾಕಿದರಂತೆ. ತಿಂಗಳು ಕಳೆಯುವುದರೊಳಗೆ ಅವರೇ ತಂದೆ ತಾಯಿಯನ್ನು ಕರೆಸಿ ಮಗಳ ಆಟ ನೋಡಿ ಎಂದರಂತೆ. ಆಗ ಹೈದರಾಬಾದಿನಲ್ಲಿ ಹಾರ್ಡ್ ಕೋರ್ಟುಗಳು ಕಡಿಮೆ. ಸಗಣಿ ಹಾಕಿ ಗಟ್ಟಿ ಮಾಡಿದ ಕೋರ್ಟಿನ ಮೇಲೆ ತಾನು ಕಲಿತದ್ದನ್ನು ಅವಳು ಹಲವು ಸಲ ಹೇಳಿಕೊಂಡಿದ್ದಾಳೆ. ಅದನ್ನು ಓದಿದ ದಿನ ತಂಗಿ ನಮ್ಮ ಪಕ್ಕದ ಗೌಡರ ಮನೆಯ ಸಗಣಿ ಸಾರಿಸಿದ ಅಂಗಳವನ್ನು ಬಹಳ ಹೊತ್ತು ನೋಡುತ್ತಾ ನಿಂತಿದ್ದಳು. ಅಪ್ಪ ಇಮ್ರಾನ್ ಮಿರ್ಜಾ ಮಗಳ ಜೊತೆಗೇ ಊರೂರು ತಿರುಗಿದರು, ತಾವೇ ಕೋಚ್ ಆದರು. 2003ರಲ್ಲಿ ವಿಂಬಲ್ಡನ್ನಿನ ಬಾಲಕಿಯರ ಡಬಲ್ಸ್ ಗೆದ್ದಾಗ ಅವಳಿಗೆ ಹದಿನಾರು. ಆ ಅಪ್ಪನ ಮೇಲೆ ನಮ್ಮ ಓಣಿಯಲ್ಲಿ ಎರಡು ಅಭಿಪ್ರಾಯಗಳಿದ್ದವು. ಅಬ್ಬಾ ಮಾತ್ರ ಏನೂ ಹೇಳುತ್ತಿರಲಿಲ್ಲ.

ತಂಗಿ ಆಡುತ್ತಿದ್ದುದು ಬಾಲ್ ಬ್ಯಾಡ್ಮಿಂಟನ್. ನಮ್ಮ ಹಳೇ ಮೈಸೂರು ಸೀಮೆಯ ಶಾಲೆಗಳಲ್ಲಿ ಓದಿದವರಿಗೆ ಇದರ ಪರಿಚಯ ಹೇಳಬೇಕಾಗಿಲ್ಲ. ಹಳದಿ ಉಣ್ಣೆಯ ಚೆಂಡು, ಐದೈದು ಜನರ ತಂಡ, ಶಾಲೆಯ ಹಿಂದಿನ ಮಣ್ಣಿನ ಅಂಗಳ. ಟೆನಿಸ್ ಕೋರ್ಟನ್ನು ಅವಳು ಕಣ್ಣಾರೆ ಕಂಡಿರಲಿಲ್ಲ. ಆದರೆ ರ‍್ಯಾಕೆಟ್ ಹಿಡಿದವರಿಗೆ ರ‍್ಯಾಕೆಟ್ ಹಿಡಿದವರು ಅರ್ಥವಾಗುತ್ತಾರೆ ಎಂದು ಕಾಣುತ್ತದೆ. ಸಂಜೆ ಅವಳು ಹಿತ್ತಿಲ ಗೋಡೆಗೆ ಚೆಂಡು ಹೊಡೆಯುವ ಸದ್ದು ನನಗೆ ಕತೆ ಬರೆಯಲು ಬಿಡುತ್ತಿರಲಿಲ್ಲ. ಆ ಸದ್ದು ಹೇಗಿತ್ತೆಂದು ಈಗ ಬೇಕೆಂದರೂ ನೆನಪಾಗುವುದಿಲ್ಲ. ಉಣ್ಣೆಯ ಚೆಂಡಿಗೆ ಎಷ್ಟು ಸದ್ದು ಇದ್ದೀತು?

ನನಗೆ ಆಗ ಇಪ್ಪತ್ಮೂರು. ಒಂದೆರಡು ಕತೆಗಳು ಅಚ್ಚಾಗಿದ್ದವು. ಊರಿನ ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದೆ. ಆಗಸ್ಟಿನಲ್ಲಿ ಮಹಿಳೆಯರ ಒಂದು ಕಾರ್ಯಕ್ರಮದಲ್ಲಿ ಮಾತಾಡಲು ಕರೆದರು. ಸಾನಿಯಾಳ ಬಗ್ಗೆ ಬರೆದುಕೊಂಡು ಹೋಗಿ ಓದಿದೆ. ಕಟ್ಟುಪಾಡುಗಳನ್ನು ಮುರಿದ ಹುಡುಗಿ, ಪರದೆಯಾಚೆಗಿನ ಬೆಳಕು, ಮುಸ್ಲಿಂ ಹೆಣ್ಣಿನ ಹೊಸ ಮುಖ. ಇಂಥ ಮಾತುಗಳು ಆಗ ನನ್ನ ಬಳಿ ಧಾರಾಳವಾಗಿದ್ದವು. ಚಪ್ಪಾಳೆ ಬಿತ್ತು. ಭಾಷಣವನ್ನು ಜಿಲ್ಲೆಯ ಒಂದು ಪತ್ರಿಕೆ ಹಾಕಿಕೊಂಡಿತು. ತಂಗಿ ಅದನ್ನೂ ಕತ್ತರಿಸಿ ತನ್ನ ಪುಸ್ತಕಕ್ಕೆ ಅಂಟಿಸಿದಳು. ಅಂಟು ಒಣಗಲೆಂದು ಊದುತ್ತಾ ಅಂದಳು:

"ಆಪಾ, ಅವಳ ಫೋರ್‌ಹ್ಯಾಂಡ್ ಬಗ್ಗೆ ಒಂದು ಮಾತೂ ಬರ್ದಿಲ್ವಲ್ಲ ನೀನು."

ನಾನು ನಕ್ಕೆ. ಫೋರ್‌ಹ್ಯಾಂಡಿನ ಬಗ್ಗೆ ಬರೆಯಲು ಏನಿದೆ ಎಂದೆ. ಅವಳು ಎದ್ದು ಅಡುಗೆಮನೆಯಿಂದ ಬಾಣಲೆ ತಂದು ನೆಲದ ಮೇಲಿಟ್ಟಳು. "ಇದನ್ನ ಎತ್ತು" ಅಂದಳು. ಎತ್ತಿದೆ. "ಹಾಂ, ಹಾಗೇ. ನೆಲದ ಮೇಲಿನ ಬಾಣಲೆ ಎತ್ತೋ ಥರಾ ಹಿಡೀತಾಳೆ ಅವಳು ಬ್ಯಾಟನ್ನ. ಅಂಗೈ ಕೆಳಗಿರುತ್ತೆ. ಅದಕ್ಕೇ ಕೊನೇ ಗಳಿಗೆಯಲ್ಲಿ ಮಣಿಕಟ್ಟು ತಿರುಗಿಸಿ ಯಾವ ಕಡೆ ಬೇಕಾದ್ರೂ ಹೊಡೀತಾಳೆ. ಎದುರಿಗಿರೋರಿಗೆ ಗೊತ್ತೇ ಆಗಲ್ಲ. ಇಡೀ ಮೈಯಿನ ಬಲ ಅಲ್ಲ ಅದು ಆಪಾ, ಮಣಿಕಟ್ಟಿಂದು."

ಇದಕ್ಕೆ ವೆಸ್ಟರ್ನ್ ಗ್ರಿಪ್ ಎಂಬ ಹೆಸರಿದೆ ಎಂದು ನಾನು ಎಷ್ಟೋ ವರ್ಷಗಳ ಮೇಲೆ ಓದಿದೆ. ಆ ಮಣಿಕಟ್ಟೇ ಅವಳ ಶಕ್ತಿ, ಮುಂದೆ ಅದೇ ಅವಳ ನೋವು ಕೂಡ ಎಂದೂ ಆಮೇಲೆ ತಿಳಿಯಿತು. ಟಿ.ವಿ.ಯಲ್ಲಿ ನಾಲ್ಕಾರು ಪಂದ್ಯ ನೋಡಿದ ಒಂಬತ್ತನೇ ಕ್ಲಾಸಿನ ಹುಡುಗಿ ಅದನ್ನು ಕಂಡುಹಿಡಿದದ್ದನ್ನು ನಾನು ಅವತ್ತು ಒಂದು ತಮಾಷೆ ಎಂದುಕೊಂಡೆ.

ಸೆಪ್ಟೆಂಬರ್ ಬಂತು. ಒಂದೇ ವಾರದಲ್ಲಿ ಎರಡು ಸಂಗತಿ ನಡೆದವು.

ಒಂದು, ಸಾನಿಯಾಳ ಉಡುಪಿನ ಬಗ್ಗೆ ಒಬ್ಬ ಧರ್ಮಗುರು ಫತ್ವಾ ಕೊಟ್ಟರೆಂಬ ಸುದ್ದಿ. ಸ್ಕರ್ಟು, ತೋಳಿಲ್ಲದ ಅಂಗಿ ಹರಾಮು ಎಂಬ ಮಾತು. ದೇಶದ ಎಲ್ಲ ಚಾನೆಲ್ಲುಗಳಿಗೂ ಹಬ್ಬವೋ ಹಬ್ಬ. ಕೊಲ್ಕತ್ತದ ಟೂರ್ನಿಯಲ್ಲಿ ಹದಿನೆಂಟರ ಹುಡುಗಿಯ ಸುತ್ತ ಪೊಲೀಸ್ ಕಾವಲು. ತಾನು ಗೆಲ್ಲುತ್ತಿರುವವರೆಗೆ ಸ್ಕರ್ಟು ಆರು ಇಂಚೋ ಆರು ಅಡಿಯೋ ಯಾರಿಗೇನು ಎಂಬರ್ಥದ ಮಾತನ್ನು ಅವಳು ಆಡಿದ್ದಳು. ಅದೂ ಸುದ್ದಿ. ಅವಳ ಟಿ-ಶರ್ಟಿನ ಮೇಲಿನ ಬರಹವೂ ಸುದ್ದಿ.

ಎರಡು, ತಂಗಿ ಜಿಲ್ಲಾ ತಂಡದ ಆಯ್ಕೆಗೆ ತುಮಕೂರಿಗೆ ಹೋಗಬೇಕೆಂದು ಶಾಲೆಯಿಂದ ಚೀಟಿ ಬಂತು. ಒಂದು ರಾತ್ರಿ ಅಲ್ಲಿಯೇ ಇರಬೇಕು. ಪಿ.ಟಿ. ಮೇಡಂ ಮನೆಗೇ ಬಂದರು. ಒಳ್ಳೆಯ ಹೆಂಗಸು. ಬಟ್ಟೆಯ ಪ್ರಶ್ನೆ ನಾವು ಎತ್ತುವ ಮೊದಲೇ ಅವರೇ, "ಟ್ರ್ಯಾಕ್ ಪ್ಯಾಂಟ್, ತುಂಬು ತೋಳಿನ ಟಿ-ಶರ್ಟ್ ಹಾಕ್ಕೊಂಡು ಆಡ್ಲಿ ಸಾರ್, ನಾನು ಮಾತಾಡ್ತೀನಿ. ತಲೆಗೆ ಬೇಕಾದ್ರೆ ಬಟ್ಟೆ ಕಟ್ಕೊಳ್ಳಲಿ. ರಾತ್ರಿ ನನ್ನ ಜೊತೆಗೇ ಇರ್ತಾಳೆ" ಅಂದರು. ಅಬ್ಬಾ ಚಹಾ ತರಿಸಿದರು. ಯೋಚಿಸಿ ಹೇಳುತ್ತೇನೆ ಎಂದರು.

ನಮ್ಮ ಅಬ್ಬಾ ಕಟ್ಟಾ ಮನುಷ್ಯರಲ್ಲ. ಉರ್ದು ಶಾಲೆಯಲ್ಲಿ ಮೂವತ್ತು ವರ್ಷ ಹೆಣ್ಣುಮಕ್ಕಳಿಗೆ ಗಣಿತ ಕಲಿಸಿದವರು. ನನ್ನ ಕತೆಗಳನ್ನು ಮಸೀದಿಯ ಮುಂದಿನ ಅಂಗಡಿಯಲ್ಲಿ ಜೋರಾಗಿ ಓದಿ ಹೇಳುತ್ತಿದ್ದವರು. ಆದರೆ ಆ ಶುಕ್ರವಾರ ನಮಾಜು ಮುಗಿಸಿ ಹೊರಬರುವಾಗ ಪರಿಚಯದ ಹಿರಿಯರೊಬ್ಬರು ಹೆಗಲ ಮೇಲೆ ಕೈಹಾಕಿ, "ಮಾಸ್ಟರ್ ಸಾಹೇಬ್, ಚಿಕ್ಕವಳೂ ಬ್ಯಾಟು ಹಿಡಿದಿದಾಳಂತೆ" ಎಂದಿದ್ದರು. ಅಷ್ಟೇ. ಬೈದದ್ದಲ್ಲ, ಬೆದರಿಸಿದ್ದಲ್ಲ. ನಗುತ್ತಲೇ ಅಂದದ್ದು. ಫತ್ವಾ ಹೊರಡುವುದು ಎಲ್ಲೋ ದೂರದಲ್ಲಿ. ನಮ್ಮಂಥವರ ಮನೆಗೆ ಅದು ತಲುಪುವುದು ಇಂಥ ಒಂದು ನಗುವಿನಲ್ಲಿ.

ರಾತ್ರಿ ಊಟವಾದ ಮೇಲೆ ಅಬ್ಬಾ ನನ್ನನ್ನು ಕರೆದರು. "ನೀನು ಓದಿದವಳು, ಬರೆಯುವವಳು. ನೀನು ಏನನ್ನುತ್ತೀಯೋ ಹಾಗೆ" ಅಂದರು. ಅವರಿಗೆ ಕಳಿಸುವ ಮನಸ್ಸಿತ್ತು. ನನ್ನ ಬಾಯಿಂದ ಒಂದು ಹೌದು ಬಿದ್ದರೆ ಅದನ್ನು ಹಿಡಿದುಕೊಂಡು ನಾಳೆ ಆ ಹಿರಿಯರಿಗೆ ಉತ್ತರ ಹೇಳಬಹುದೆಂದು ಕಾಯುತ್ತಿದ್ದರು. ಈಗ ನನಗೆ ಇದು ಸ್ಪಷ್ಟವಾಗಿ ಕಾಣುತ್ತದೆ. ಅವತ್ತೂ ಕಂಡಿತ್ತೆಂದೇ ಹೇಳಬೇಕು.

ನನ್ನ ಮದುವೆಯ ಮಾತುಕತೆ ಆಗ ನಡೆಯುತ್ತಿತ್ತು. ಬಂದಿದ್ದ ಸಂಬಂಧದವರು ಸ್ವಲ್ಪ ಸಂಪ್ರದಾಯಸ್ಥರು. ನಾನು ಬರೆಯುವುದನ್ನೇ ಅವರು ಕಷ್ಟಪಟ್ಟು ಒಪ್ಪಿದ್ದರು.

"ಎಸ್ಸೆಸ್ಸೆಲ್ಸಿ ಮುಗೀಲಿ ಅಬ್ಬಾ. ಆಮೇಲೆ ನೋಡೋಣ" ಎಂದೆ.

ಆಮೇಲೆ ಎಂಬುದು ಇರುವುದಿಲ್ಲ ಎಂದು ನನಗೆ ಗೊತ್ತಿತ್ತು. ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ತಂಗಿಗೂ ಗೊತ್ತಿತ್ತು. ಅವಳು ಅಳಲಿಲ್ಲ, ಜಗಳವಾಡಲಿಲ್ಲ. ಮರುದಿನದಿಂದ ಹಿತ್ತಿಲಲ್ಲಿ ಚೆಂಡಿನ ಸದ್ದು ನಿಂತಿತು. ಬ್ಯಾಟನ್ನು ಬಾಗಿಲ ಹಿಂದಿನ ಮೊಳೆಗೆ ತಗಲು ಹಾಕಿದಳು. ಅದರ ಮೇಲೆ ಒಬ್ಬೊಬ್ಬರಾಗಿ ನಾವೆಲ್ಲ ದುಪಟ್ಟಾ, ಬುರ್ಖಾ ನೇತುಹಾಕಲು ಶುರು ಮಾಡಿದೆವು. ಕೆಲವೇ ತಿಂಗಳಲ್ಲಿ ಅದರಡಿ ಬ್ಯಾಟಿದೆ ಎಂಬುದೇ ಮರೆತುಹೋಯಿತು. ಅಂದಹಾಗೆ, ಆ ಸಂಬಂಧ ಕುದುರಲಿಲ್ಲ.

ಸಾನಿಯಾಳ ಬಟ್ಟೆಯನ್ನು ವಿರೋಧಿಸಿದವರನ್ನು ಟೀಕಿಸಿ ನಾನು ಆಮೇಲೂ ಒಂದೆರಡು ಕಡೆ ಬರೆದೆ. ಕುರ್‌ಆನಿನ ಅನ್ನೂರ್ ಅಧ್ಯಾಯದಲ್ಲಿ ದೃಷ್ಟಿ ತಗ್ಗಿಸಿರೆಂದು ಮೊದಲು ಹೇಳಿರುವುದು ಗಂಡಸರಿಗೆ, ಆಮೇಲೆ ಹೆಂಗಸರಿಗೆ. ಆ ಮೊದಲ ಮಾತನ್ನು ನಮ್ಮ ಜುಮಾ ಭಾಷಣಗಳಲ್ಲಿ ನಾನು ಕೇಳಿದ್ದು ಬಹಳ ಕಡಿಮೆ. ಪ್ರವಾದಿವರ್ಯರು(ಸ) ಪ್ರಯಾಣದಲ್ಲಿ ಹಝ್ರತ್ ಆಯಿಶಾ(ರ) ಅವರ ಜೊತೆ ಓಟದ ಪಂದ್ಯ ಕಟ್ಟಿದ್ದು, ಮೊದಲ ಸಲ ಆಯಿಶಾ ಗೆದ್ದದ್ದು, ವರ್ಷಗಳ ನಂತರ ಪ್ರವಾದಿಯವರು ಗೆದ್ದು ಆ ಸೋಲಿಗೆ ಇದು ಸರಿಹೋಯಿತು ಎಂದು ನಕ್ಕದ್ದು ಹದೀಸಿನಲ್ಲಿದೆ. ಇದನ್ನೂ ಬರೆದೆ. ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಬರೆಯುವಾಗಲೆಲ್ಲ ಬಾಗಿಲ ಹಿಂದಿನ ಮೊಳೆ ನೆನಪಾಗುತ್ತಿತ್ತು.

ಇನ್ನೊಂದು ಕಡೆಯವರೂ ಇದ್ದರು. ನಮ್ಮ ಪ್ರಗತಿಪರ ಗೆಳೆಯರಿಗೆ ಸಾನಿಯಾ ಬಹಳ ಇಷ್ಟ. ಅವಳ ಬ್ಯಾಕ್‌ಹ್ಯಾಂಡ್ ಯಾವುದು, ಫೋರ್‌ಹ್ಯಾಂಡ್ ಯಾವುದು ಎಂದು ಕೇಳಿದ್ದರೆ ಅವರಲ್ಲಿ ಅನೇಕರಿಗೆ ಗೊತ್ತಿರಲಿಲ್ಲ. ಸ್ಕರ್ಟು ಹಾಕಿದ ಮುಸ್ಲಿಂ ಹುಡುಗಿ ಅನ್ನುವುದೇ ಅವರಿಗೆ ಸಾಕಾಗಿತ್ತು. ಬೇಡವೆಂದವರೂ ಬೇಕೆಂದವರೂ ನೋಡಿದ್ದು ಸ್ಕರ್ಟನ್ನೇ. ನನ್ನ ಭಾಷಣವನ್ನು ಈಗ ತೆಗೆದು ಓದಿದರೆ ಅದರಲ್ಲೂ ಒಂದು ಸ್ಕರ್ಟಿದೆ, ಒಂದು ಪರದೆಯಿದೆ, ಟೆನಿಸ್ ಇಲ್ಲ.

2006ರಲ್ಲಿ ಸಾನಿಯಾ ಬೆಂಗಳೂರಿಗೆ ಬಂದು ಲೀಜಲ್ ಹ್ಯೂಬರ್ ಜೊತೆ ಡಬಲ್ಸ್ ಗೆದ್ದಳು. ಆಗ ಹೋಗಲಾಗಲಿಲ್ಲ. 2008ರ ಮಾರ್ಚಿನಲ್ಲಿ ಬೆಂಗಳೂರು ಓಪನ್‌ಗೆ ತಂಗಿಯನ್ನು ಕರೆದುಕೊಂಡು ಹೋಗಲೇಬೇಕೆಂದು ತೀರ್ಮಾನಿಸಿದೆ. ಅವಳು ಆಗ ಪಿ.ಯು.ಸಿ. ಕಬ್ಬನ್ ಪಾರ್ಕಿನ ಟೆನಿಸ್ ಸ್ಟೇಡಿಯಮ್ಮಿಗೆ ಶಿರಾದಿಂದ ಬಸ್ಸಿನಲ್ಲಿ ಮೂರು ಗಂಟೆಯ ದಾರಿ. ಬೆಳಿಗ್ಗೆ ಹೋಗಿ ರಾತ್ರಿಗೆ ಬರಬಹುದು. ನನ್ನ ಪಾಲಿಗೆ ಅದೊಂದು ಸಾಲ ತೀರಿಸುವ ಉಪಾಯವಾಗಿತ್ತು. ದುಡ್ಡು ಕೂಡಿಸಿಟ್ಟೆ.

ಸಾನಿಯಾ ಬರಲಿಲ್ಲ. ಹಿಂದಿನ ಡಿಸೆಂಬರಿನಲ್ಲಿ ಹೈದರಾಬಾದಿನ ಮಕ್ಕಾ ಮಸೀದಿಯ ಆವರಣದಲ್ಲಿ ಜಾಹೀರಾತಿನ ಚಿತ್ರೀಕರಣ ಮಾಡಿದ್ದಕ್ಕೆ ಗಲಾಟೆಯಾಗಿ ಅವಳು ಕ್ಷಮೆ ಕೇಳಿದ್ದಳು. ಜನವರಿಯಲ್ಲಿ ಹಾಪ್‌ಮನ್ ಕಪ್ಪಿನ ಒಂದು ಫೋಟೋದಲ್ಲಿ ಅವಳ ಪಾದ ರಾಷ್ಟ್ರಧ್ವಜದ ಹತ್ತಿರ ಇದ್ದಂತೆ ಕಂಡಿತೆಂದು ಕೇಸು ಹಾಕಿದರು. ಒಂದು ತಿಂಗಳು ಸಾಕಷ್ಟು ಮುಸ್ಲಿಮಳಲ್ಲ, ಮರು ತಿಂಗಳು ಸಾಕಷ್ಟು ಭಾರತೀಯಳಲ್ಲ. ಭಾರತದಲ್ಲಿ ಆಡಿದಾಗಲೆಲ್ಲ ಏನಾದರೊಂದು ವಿವಾದ ಏಳುತ್ತದೆ, ಸದ್ಯಕ್ಕೆ ಇಲ್ಲಿ ಆಡುವುದು ಬೇಡ ಎಂದು ಅವಳು ಬೆಂಗಳೂರನ್ನು ಬಿಟ್ಟಳು. ವಿಚಿತ್ರವೆಂದರೆ ಆ ವರ್ಷ ಸೆರೆನಾ ಬಂದಿದ್ದಳು. ಅಕ್ಕ ವೀನಸ್ ಕೂಡ ಬಂದಿದ್ದಳು. ಸೆರೆನಾ ಗೆದ್ದಳು. ಜಗತ್ತಿನ ದೊಡ್ಡ ಆಟಗಾರ್ತಿಯರೆಲ್ಲ ನಮ್ಮ ಬೆಂಗಳೂರಿನಲ್ಲಿ, ಪಕ್ಕದ ರಾಜ್ಯದ ಹುಡುಗಿ ಮಾತ್ರ ಇಲ್ಲ.

"ಸೆರೆನಾನಾದ್ರೂ ನೋಡ್ಕೊಂಡು ಬರೋಣ ಬಾರೇ" ಎಂದೆ.

"ಪರೀಕ್ಷೆ ಇದೆ ಆಪಾ" ಅಂದಳು. ಅದು ನಿಜವೂ ಆಗಿತ್ತು.

2007ರ ಆಗಸ್ಟಿನಲ್ಲಿ ಸಿಂಗಲ್ಸ್‌ನಲ್ಲಿ 27ನೇ ಸ್ಥಾನಕ್ಕೆ ಏರಿದ್ದೇ ಸಾನಿಯಾಳ ಅತಿ ಎತ್ತರ. ಮಣಿಕಟ್ಟು ಕೈಕೊಟ್ಟಿತು. ಬೀಜಿಂಗ್ ಒಲಿಂಪಿಕ್ಸಿನಲ್ಲಿ ನೋವಿನಿಂದ ಪಂದ್ಯದ ನಡುವೆಯೇ ಹೊರಬಂದಳು. ಕೂದಲು ಬಾಚಿಕೊಳ್ಳಲೂ ಆಗದಂಥ ದಿನಗಳಿದ್ದವು ಎಂದು ಆಮೇಲೆ ಹೇಳಿಕೊಂಡಳು. ಬೇರೆಯವರಾಗಿದ್ದರೆ ಅಲ್ಲಿಗೇ ಕತೆ ಮುಗಿಯುತ್ತಿತ್ತು. ಅವಳು ಡಬಲ್ಸ್ ಹಿಡಿದಳು. 2006ರಲ್ಲಿ ಸೋಲ್‌ನಲ್ಲಿ ತಾನು ಸೋಲಿಸಿದ್ದ ಮಾರ್ಟಿನಾ ಹಿಂಗಿಸ್ ಜೊತೆಗೇ ಸೇರಿ 2015ರಲ್ಲಿ ವಿಂಬಲ್ಡನ್, ಯು.ಎಸ್. ಓಪನ್, 2016ರಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದಳು. ಸತತ 41 ಪಂದ್ಯಗಳಲ್ಲಿ ಆ ಜೋಡಿಗೆ ಸೋಲಿಲ್ಲ. 2015ರ ಏಪ್ರಿಲಿನಲ್ಲಿ ಡಬಲ್ಸ್‌ನಲ್ಲಿ ಜಗತ್ತಿನ ನಂಬರ್ ಒನ್. ಮಿಕ್ಸೆಡ್ ಸೇರಿ ಒಟ್ಟು ಆರು ಗ್ರ್ಯಾಂಡ್ ಸ್ಲಾಮ್.

ಅದರ ಹಿಂದಿನ ವರ್ಷವಷ್ಟೇ ತೆಲಂಗಾಣ ಸರ್ಕಾರ ಅವಳನ್ನು ರಾಯಭಾರಿ ಮಾಡಿದಾಗ ಶಾಸಕರೊಬ್ಬರು ಪಾಕಿಸ್ತಾನದ ಸೊಸೆ ಎಂದಿದ್ದರು. ಟಿ.ವಿ. ಸಂದರ್ಶನದಲ್ಲಿ ಅವಳು ಅತ್ತಳು. ಕಿಸ್ಕಿ ಪೊಟ್ಟಿ ಹೈ ಯೇ? ನಮ್ಮ ದಾದಿಮಾ ಈ ಪ್ರಶ್ನೆ ಕೇಳಿದ್ದು ಪ್ರೀತಿಯಿಂದ, ಚಳಿಯಾದೀತು ಎಂಬ ಕಾಳಜಿಯಿಂದ. ಉಳಿದವರಿಗೆ ಆ ಕಾಳಜಿ ಇರಲಿಲ್ಲ.

2022ರಲ್ಲಿ ನಮ್ಮ ರಾಜ್ಯದ ಕಾಲೇಜುಗಳ ಗೇಟಿನಲ್ಲಿ ಸ್ಕಾರ್ಫ್ ತೆಗೆದು ಒಳಗೆ ಬನ್ನಿ ಎಂದು ಹೆಣ್ಣುಮಕ್ಕಳನ್ನು ನಿಲ್ಲಿಸಿದಾಗ ತಂಗಿ ಫೋನು ಮಾಡಿದ್ದಳು. ದಾವಣಗೆರೆಯಲ್ಲಿ ಅವಳ ಸಂಸಾರ. "ನನಗೆ ಹಾಕ್ಕೋ ಅಂದ್ರು, ಇವರಿಗೆ ತೆಗಿ ಅಂತಾರೆ. ಆಟಾನೂ ಹೋಯ್ತು, ಪಾಠಾನೂ ಹೋಯ್ತು" ಅಂದಳು. ಹದಿನೇಳು ವರ್ಷದಲ್ಲಿ ಅವಳು ಆ ತುಮಕೂರಿನ ಮಾತು ಎತ್ತಿದ್ದು ಅದೊಂದೇ ಸಲ. ನಾನು ಆಗಲಾದರೂ ಕ್ಷಮೆ ಕೇಳಬಹುದಿತ್ತು. ಕೋರ್ಟಿನ ತೀರ್ಪಿನ ಬಗ್ಗೆ ಮಾತಾಡಿದೆ.

2023ರ ಜನವರಿ 27, ಅದೂ ಶುಕ್ರವಾರವೇ. ನಾನು ದಾವಣಗೆರೆಯಲ್ಲಿದ್ದೆ. ಆಸ್ಟ್ರೇಲಿಯನ್ ಓಪನ್ ಮಿಕ್ಸೆಡ್ ಡಬಲ್ಸ್ ಫೈನಲ್. ಸಾನಿಯಾಳ ಕೊನೆಯ ಗ್ರ್ಯಾಂಡ್ ಸ್ಲಾಮ್ ಪಂದ್ಯ. ಜೊತೆಗಾರ ನಮ್ಮ ಕೊಡಗಿನ ರೋಹನ್ ಬೋಪಣ್ಣ. ಹದಿನಾಲ್ಕು ವರ್ಷದವಳಿದ್ದಾಗ ಅವಳ ಮೊದಲ ಮಿಕ್ಸೆಡ್ ಜೊತೆಗಾರನೂ ಅವನೇ. ನಾವಿಬ್ಬರೂ ತಂಗಿಯ ಮೊಬೈಲನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು ಅಡುಗೆಮನೆಯ ಕಟ್ಟೆಯ ಮುಂದೆ ನಿಂತು ನೋಡಿದೆವು. ಅವಳ ಏಳು ವರ್ಷದ ಮಗಳು ನಡುವೆ ತಲೆ ತೂರಿಸುತ್ತಿದ್ದಳು. ಬ್ರೆಜಿಲ್ಲಿನ ಜೋಡಿಗೆ 6-7, 2-6ರಿಂದ ಸೋತರು. ಬಹುಮಾನದ ಹೊತ್ತಿನಲ್ಲಿ ಸಾನಿಯಾ ಮೈಕಿನ ಮುಂದೆ ನಿಂತು, 2005ರಲ್ಲಿ ಇದೇ ಮೆಲ್ಬೋರ್ನಿನಲ್ಲಿ ಹದಿನೆಂಟು ವರ್ಷದವಳಾಗಿ ಸೆರೆನಾ ಎದುರು ಆಡಿದ್ದನ್ನು ನೆನೆದು ಗಂಟಲು ಕಟ್ಟಿ ಅತ್ತಳು. ಅವಳ ಪುಟ್ಟ ಮಗ ಅಲ್ಲೇ ಇದ್ದ.

ನನಗೂ ತಡೆಯಲಾಗಲಿಲ್ಲ. ಸೆರಗಿನಲ್ಲಿ ಕಣ್ಣೊರೆಸಿಕೊಂಡು ತಂಗಿಯ ಕಡೆ ನೋಡಿದೆ. ಅವಳು ಅಳುತ್ತಿರಲಿಲ್ಲ. ಕೈ ಕಟ್ಟಿಕೊಂಡು, ಪರದೆಯನ್ನೇ ನೋಡುತ್ತಾ ಏನನ್ನೋ ಲೆಕ್ಕ ಹಾಕುತ್ತಿದ್ದಳು.

"ಎರಡನೇ ಸರ್ವಿಸ್ ಇನ್ನೂ ಹಾಗೇ ಇದೆ ನೋಡು ಆಪಾ. ಹದಿನೆಂಟು ವರ್ಷ ಆದ್ರೂ ಸರಿ ಮಾಡ್ಕೊಳ್ಲಿಲ್ಲ" ಅಂದಳು. ಮಗಳ ಕಡೆ ತಿರುಗಿ, "ಏಯ್, ಆ ಕುಕ್ಕರ್ ಎಷ್ಟು ಸೀಟಿ ಆಯ್ತೇ?" ಎಂದು ಕೇಳಿದಳು.